ಕುಂಭದಲ್ಲಿ ಇಟ್ಟ ಚಿನ್ನ

“ಕುಂಭ ಅಂದ್ರೆ ಕುಂಭ,” ಎಂದು ಜೋಯಿಸ ಕುಂಞಂಬು ಪೊದುವಾಳರು ಪೊಲೀಸರು ತೆಗೆದ ರಾಶಿಮಣೆಯ ಫೋಟೋವನ್ನು ನನ್ನ ಕಡೆಗೆ ತಳ್ಳಿದರು. “ಕಾರ್ತ್ಯಾಯನಿ, ನೀನು ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಕಡತ ಕಾದವಳು. ಬರೆದದ್ದನ್ನ ಬರೆದ ಹಾಗೆ ಓದೋದು ನಾನು ನಿನಗೆ ಕಲಿಸಬೇಕಾ?”

ಗಂಟೆ ಎಂಟೂವರೆ. ನಿನ್ನೆ ಮಧ್ಯಾಹ್ನ ಹಿಡಿದ ಪೊಕ್ಕನನ್ನು ಠಾಣೆಯ ಎಸ್ಸೈ ಕುರುಪ್ ಇವತ್ತು ಹನ್ನೊಂದಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವವನಿದ್ದ. ಅಲ್ಲಿಂದ ಜೈಲಿಗೆ ಹೋದ ಬಡ ನೇಕಾರ ಮರಳಿ ಮಗ್ಗದ ಮುಂದೆ ಕೂರುವುದು ಯಾವ ವರ್ಷ ಎಂದು ಯಾವ ಪಂಚಾಂಗವೂ ಹೇಳುವುದಿಲ್ಲ. ಅಂಥ ಕಡತಗಳ ಧೂಳು ಕೊಡವಿಯೇ ನಾನು ಪಿಂಚಣಿ ತೆಗೆದುಕೊಳ್ಳುತ್ತಿರುವುದು.

ಮಂಗಳವಾರ ತಲೆಗೆ ಪೆಟ್ಟು ಬಿದ್ದು ತನ್ನ ರಾಶಿಮಣೆಯ ಪಕ್ಕದಲ್ಲೇ ಒರಗಿದ ನಮ್ಮೂರ ಮುದಿ ಜೋಯಿಸ ಕೇಳು ಪಣಿಕ್ಕರರು ಗುರುವಾರ ಬೆಳಗಾದರೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ.

ಪೊಕ್ಕನ ಮೇಲಿನ ಆರೋಪ ಚೆನ್ನಾಗಿಯೇ ಹೊಲಿದ ಅಂಗಿಯಂತಿತ್ತು. ಹೋದ ತಿಂಗಳು ಅವನಿಗೆ ಮದುವೆಗೆ ಗೊತ್ತುಮಾಡಿದ್ದ ಹುಡುಗಿಯ ಜಾತಕ ಕೂಡುವುದಿಲ್ಲ ಎಂದು ಪಣಿಕ್ಕರರು ಹೇಳಿದ್ದರು. ಚಹಾದಂಗಡಿಯ ಮುಂದೆ ನಿಂತು ಇವನು, ಆ ಮುದುಕನ ಮಣೆ ಒಡೆದು ಒಲೆಗೆ ಹಾಕುತ್ತೇನೆ ಎಂದು ಊರಿಗೆಲ್ಲ ಕೇಳುವಂತೆ ಕೂಗಿದ್ದ. ಒಡೆಯುತ್ತೇನೆ ಎಂದದ್ದು ಮಣೆಯನ್ನು, ತಲೆಯನ್ನಲ್ಲ. ಅಷ್ಟು ನಾಜೂಕಾದ ವ್ಯತ್ಯಾಸ ನೋಡುತ್ತಾ ಕೂರಲು ಪೊಲೀಸರಿಗೆ ಪುರುಸೊತ್ತಿರುವುದಿಲ್ಲ.

ಮಂಗಳವಾರ ಸಂಜೆ ನಾಲ್ಕೂವರೆಗೆ ಅವನು ಪಣಿಕ್ಕರರ ಮನೆಯಿಂದ ಓಡಿ ಬಂದದ್ದನ್ನು ಚಹಾದಂಗಡಿಯವನು ಕಂಡಿದ್ದ. ಕೂಗಾಡಿದ್ದಕ್ಕೆ ತಪ್ಪಾಯಿತು ಎನ್ನಲು ಹೋದೆ, ಮುದುಕ ಬಿದ್ದಿದ್ದು ನೋಡಿ ಜೀಪು ತರಲು ಓಡಿದೆ ಎಂದು ಪೊಕ್ಕನ್ ಹೇಳಿದ. ಜೀಪು ತಂದದ್ದೂ ನಿಜ, ಮಡಿಲಲ್ಲಿ ತಲೆ ಇಟ್ಟುಕೊಂಡು ಆಸ್ಪತ್ರೆಗೆ ಸೇರಿಸಿದ್ದೂ ನಿಜ. ಹೊಡೆದವನಿಗೆ ಆಮೇಲೆ ಹೆದರಿಕೆ ಹುಟ್ಟಿತು ಎಂದು ಎಸ್ಸೈ ಅದನ್ನೂ ಅಂಗಿಯ ಜೇಬಾಗಿ ಹೊಲಿದುಬಿಟ್ಟ.

ಆ ಅಂಗಿಗೆ ಗುಂಡಿ ಹಾಕಿದವರು ಮಾತ್ರ ಈ ಪೊದುವಾಳರು.

ಪಣಿಕ್ಕರರ ಮಣೆಯ ಮೇಲೆ ಸೀಮೆಸುಣ್ಣದಲ್ಲಿ ಹನ್ನೆರಡು ಮನೆ ಬರೆದಿತ್ತು. ಕುಂಭದ ಮನೆಯಲ್ಲಿ ಲಗ್ನದ ಗುರುತಾಗಿ ಒಂದು ‘ಲ’. ಮೂಲೆಯಲ್ಲಿ ಹದಿನಾಲ್ಕು ಎಂಬ ಅಂಕಿ. ಇದನ್ನು ಓದಿಕೊಡಿ ಎಂದು ಎಸ್ಸೈ ಕೇಳಿದಾಗ ಪೊದುವಾಳರು ಎಲೆಯಡಿಕೆ ಉಗುಳಿ ಬರುವಷ್ಟರಲ್ಲಿ ಓದಿಕೊಟ್ಟಿದ್ದರು. ಈಗಿನ ಕನ್ನಿ ಮಾಸದ ನಡುವಿನಲ್ಲಿ, ಸೂರ್ಯ ಕನ್ಯೆಯಲ್ಲಿರುವಾಗ, ಕುಂಭ ಮೂಡುವುದು ಮಧ್ಯಾಹ್ನ ಮೂರೂ ಮುಕ್ಕಾಲರಿಂದ ಐದೂವರೆಯೊಳಗೆ. ಗಡಿಯಾರ ಕಟ್ಟದ ಪಣಿಕ್ಕರರು ಹೊತ್ತು ಅಳೆಯುವುದು ನೆರಳಿನಲ್ಲಿ. ಒಬ್ಬನ ನೆರಳು ಅವನದೇ ಪಾದದಿಂದ ಹದಿನಾಲ್ಕು ಪಾದ ಆದರೆ ನಾಲ್ಕೂವರೆ. ಎರಡು ಸಾಕ್ಷಿ, ಒಂದೇ ಹೊತ್ತು. ಆ ಹೊತ್ತಿಗೆ ಅಲ್ಲಿ ಇದ್ದವನು ಪೊಕ್ಕನ್. ಪ್ರಶ್ನೆ ಕೇಳಲು ಕೂತವನೇ ಹೊಡೆದಿದ್ದಾನೆ.

ಎಸ್ಸೈ ಕೈ ಮುಗಿದಿದ್ದನಂತೆ. ಶಾಸ್ತ್ರ ಪೊಲೀಸ್ ಇಲಾಖೆಗೆ ಇಷ್ಟು ಬೇಗ ದಾರಿ ತೋರಿಸಿದ್ದು ನಮ್ಮ ತಾಲೂಕಿನಲ್ಲಿ ಇದೇ ಮೊದಲು.

ನಾನು ಚೀಲದಿಂದ ಒಂದು ತಾಳೆಗರಿಯನ್ನು ತೆಗೆದು ಫೋಟೋದ ಪಕ್ಕ ಇಟ್ಟೆ.

ಆ ಗರಿಗೆ ಮೂವತ್ತೆಂಟು ವರ್ಷ. ಆಗ ನನಗೆ ಹದಿನೆಂಟು. ನನ್ನ ಜಾತಕದಲ್ಲಿ ಮಕರ ಲಗ್ನ, ಏಳರಲ್ಲಿ ಕುಜ. ಇಬ್ಬರು ಜೋಯಿಸರು ನೋಡಿ, ಈ ಹುಡುಗಿಯನ್ನು ಕಟ್ಟಿಕೊಂಡವನು ಆರು ತಿಂಗಳು ದಾಟುವುದಿಲ್ಲ ಎಂದಿದ್ದರು. ಅಪ್ಪ ಮೂರನೆಯ ಜೋಯಿಸರೆಂದು ಕೇಳು ಪಣಿಕ್ಕರರ ಜಗಲಿಗೆ ನನ್ನನ್ನು ಕರೆದೊಯ್ದರು. ಪಣಿಕ್ಕರರು ಜಾತಕವನ್ನು ತುಂಬ ಹೊತ್ತು ನೋಡಿದರು. ಲಗ್ನದಿಂದ ಎಣಿಸಿದರೆ ಏಳರಲ್ಲಿ ಇರುವ ಕುಜ ಚಂದ್ರನಿಂದ ಎಣಿಸಿದರೆ ಮೂರರಲ್ಲಿ ಇದ್ದಾನೆ, ಇವಳ ಚಂದ್ರ ಉಚ್ಚದಲ್ಲಿದ್ದಾನೆ, ಬಲವಾದ ಬಾಗಿಲು ಬಿಟ್ಟು ಬೀಗ ಹಾಕಿದ ಬಾಗಿಲನ್ನು ಯಾಕೆ ಬಡಿಯಬೇಕು ಎಂದರು. ಮೂರರ ಕುಜ ಅಂದರೆ ಗಟ್ಟಿಗಿತ್ತಿ, ಓದಿಸಿ ಎಂದರು. ಅಪ್ಪನ ಮುಖದಲ್ಲಿ ಇನ್ನೂ ಅನುಮಾನ ಕಂಡಿತೋ ಏನೋ, ನನ್ನ ಬೆರಳಿನ ಉಂಗುರ ತೆಗೆಸಿ ರಾಶಿಮಣೆಯ ಮೇಲೆ ಇಡಿಸಿ ಪ್ರಶ್ನೆಯನ್ನೂ ನೋಡಿ, ಎರಡೂ ಒಂದೇ ಮಾತು ಹೇಳುತ್ತವೆ ಎಂದು ಗರಿಯಲ್ಲಿ ಬರೆದುಕೊಟ್ಟರು.

ನಾನು ಓದಿದೆ, ಕೆಲಸಕ್ಕೆ ಸೇರಿದೆ, ಮದುವೆಯೂ ಆಯಿತು. ನಮ್ಮವರು ನನ್ನ ಜೊತೆ ಮೂವತ್ತು ವರ್ಷ ಬಾಳಿ, ಒಂದು ಓಣಂ ದಿನ ಹೊಟ್ಟೆ ತುಂಬ ಉಂಡು, ಪಾಯಸ ಸ್ವಲ್ಪ ಹೆಚ್ಚಾಯಿತು ಎಂದು ಹೇಳಿ ಹೋದರು. ಕುಜ ಅಷ್ಟು ವರ್ಷ ಎಲ್ಲಿದ್ದನೋ ನಾನು ವಿಚಾರಿಸಲು ಹೋಗಲಿಲ್ಲ.

ಪೊಕ್ಕನ ತಾಯಿ ಉಚ್ಚಿರ ನಿನ್ನೆ ಠಾಣೆಯ ಮುಂದೆ ನನ್ನ ಕೈ ಹಿಡಿದಾಗ ನೆನಪಾದದ್ದು ಇದೇ ಗರಿ. ಕೊಯ್ಲಿನ ನಡುವಿನಿಂದ ಎದ್ದು ಬಂದಿದ್ದಳು. ಮೊಣಕಾಲವರೆಗೆ ಕೆಸರು, ಕೈಯಲ್ಲಿ ಇನ್ನೂ ಕುಡುಗೋಲು. ಅವಳು ಅಳಲಿಲ್ಲ. ಅಕ್ಕ ಎಂಬಂತೆ ಏಚಿ ಎಂದು ಕರೆದು, ನೀವು ಓದಿದವರು, ಅಲ್ಲಿ ಬರೆದದ್ದನ್ನು ನೀವೂ ಒಮ್ಮೆ ಓದಿ ಎಂದಳು, ಅಷ್ಟೇ. ಓದಿದವರು ಬಿಡಿಸಿಕೊಳ್ಳಲಾಗದ ಮಾತು ಅದು.

“ಈ ಗರಿ ಯಾವ ಹೊತ್ತಿನದು ಹೇಳಿ,” ಎಂದೆ ಪೊದುವಾಳರಿಗೆ.

ಅವರು ಕನ್ನಡಕ ಏರಿಸಿದರು. ಮೇಡ ಮಾಸ ಇಪ್ಪತ್ತು ಎಂದು ತಾರೀಖು ಇತ್ತು, ಸೂರ್ಯ ಮೇಷದಲ್ಲಿ. ಮೀನದಲ್ಲಿ ‘ಲ’. ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿತು. “ನಸುಕಿನಲ್ಲಿ. ಸೂರ್ಯ ಹುಟ್ಟೋ ಮುಂಚೆ.”

“ನಾನು ಹೋದಾಗ ಶಾಲೆಯಲ್ಲಿ ಪರೀಕ್ಷೆಯ ಹತ್ತು ಗಂಟೆಯ ಬೆಲ್ಲು ಹೊಡೀತಿತ್ತು. ಅದು ಕೇಳಿ ನನಗೆ ಅಳು ಬಂತು, ಅದಕ್ಕೇ ನೆನಪಿದೆ.”

“ಹತ್ತಕ್ಕೆ ಮಿಥುನ ಉದಯ,” ಎಂದರು ಪೊದುವಾಳರು ಥಟ್ಟನೆ. ಆಮೇಲೆ ಅವರ ಹೆಬ್ಬೆರಳು ನಿಂತುಹೋಯಿತು.

ಗರಿಯ ಅಂಚಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ‘ಉದಯ ಮಿಥುನ’ ಎಂದು ಬರೆದಿತ್ತು. ನಾನು ಅದನ್ನು ತೋರಿಸಲಿಲ್ಲ. ಅವರೇ ಕಂಡುಕೊಂಡರು. ದೊಡ್ಡವರಿಗೆ ತಪ್ಪು ತೋರಿಸುವಾಗ ಕಣ್ಣು ಬೇರೆ ಕಡೆ ಇಟ್ಟುಕೊಳ್ಳುವುದು ನಾನು ನ್ಯಾಯಾಧೀಶರ ಹತ್ತಿರ ಕಲಿತ ವಿದ್ಯೆ.

ಮೀನದ ಮನೆಯಲ್ಲಿ ಬಿದ್ದದ್ದು ನನ್ನ ಉಂಗುರ. ಬಂದವರು ಚಿನ್ನ ಇಟ್ಟ ಮನೆಯೇ ಆರೂಢ. ಪಣಿಕ್ಕರರು ಅದನ್ನೇ ಲಗ್ನವಾಗಿ ಹಿಡಿದು ಫಲ ಹೇಳುತ್ತಿದ್ದರು. ಆಕಾಶದಲ್ಲಿ ಮೂಡುತ್ತಿದ್ದ ರಾಶಿ ಅವರಿಗೆ ಅಂಚಿನ ಟಿಪ್ಪಣಿ. ಪೊದುವಾಳರ ಮನೆತನದಲ್ಲಿ ತದ್ವಿರುದ್ಧ, ಉದಯವೇ ಮೊದಲು, ಚಿನ್ನ ಆಮೇಲೆ. ಈ ಒಂದು ವಿಷಯಕ್ಕೆ ಇಬ್ಬರೂ ನಲವತ್ತು ವರ್ಷ ಜಗಳವಾಡಿದ್ದರು. ಅಷ್ಟು ಜಗಳವಾಡಿದ ಮೇಲೂ ಎದುರಾಳಿಯ ಮಣೆಯನ್ನು ಓದುವಾಗ ಪೊದುವಾಳರು ತಮ್ಮ ಮನೆಯ ಕಣ್ಣಿನಿಂದಲೇ ಓದಿದ್ದರು. ಜೋಯಿಸನಲ್ಲದವನು ಈ ತಪ್ಪು ಮಾಡಲು ಸಾಧ್ಯವೇ ಇರಲಿಲ್ಲ.

“ಇರಲಿ,” ಎಂದರು ಅವರು, ಫೋಟೋವನ್ನು ಮತ್ತೆ ತಮ್ಮ ಕಡೆಗೆ ಎಳೆದುಕೊಂಡು. “ಕುಂಭ ಹೋಗಲಿ. ಹದಿನಾಲ್ಕು ಪಾದದ ನೆರಳು ಎಲ್ಲಿ ಹೋಗುತ್ತೆ? ಅದು ನಾಲ್ಕೂವರೆ ತಾನೆ?”

“ನಾಲ್ಕೂವರೆಗೆ ಮಾತ್ರಾನಾ?”

ಸಂಜೆ ಎಷ್ಟು ಉದ್ದವೋ ಬೆಳಿಗ್ಗೆಯೂ ಅಷ್ಟೇ ಉದ್ದ ನೆರಳು ಬೀಳುತ್ತದೆ ಎಂದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ. ಎಂಟೂಕಾಲಿಗೂ ಹದಿನಾಲ್ಕೇ. ನಾನು ಎದ್ದು, ನಿಮಗೆ ಒಂದು ಅಂಗಳ ತೋರಿಸಬೇಕು ಎಂದೆ. ಪೊದುವಾಳರು ಹೆಗಲ ಮೇಲೆ ವಸ್ತ್ರ ಹಾಕಿಕೊಂಡರು. ಲೋಟದ ಚಹಾ ಅರ್ಧದಲ್ಲೇ ಉಳಿಯಿತು.

ಪಣಿಕ್ಕರರ ಮನೆಗೆ ಬೀಗ. ಅವರನ್ನು ನೋಡಿಕೊಳ್ಳುವ ಸೋದರಸೊಸೆ ತಂಬಾಯಿ ಮಂಗಳವಾರ ರಾತ್ರಿಯಿಂದ ಆಸ್ಪತ್ರೆಯಲ್ಲೇ ಇದ್ದಳು. ಮಾವನಿಗೆ ಹೊದೆಯಲು ವಸ್ತ್ರ ತಂದುಕೊಡಿ ಎಂದು ಅವಳು ಹೇಳಿ ಕಳಿಸಿದ್ದರಿಂದ ಇವತ್ತು ಬೆಳಗಾಗುತ್ತಲೇ ನಾನು ಇಲ್ಲಿಗೆ ಬಂದಿದ್ದೆ. ಆಗ ಕಂಡದ್ದು ಇದು.

ಹೊಸ ಭತ್ತ ಹರಡಲು ತಂಬಾಯಿ ಮಂಗಳವಾರ ನಸುಕಿನಲ್ಲಿ ಅಂಗಳವನ್ನೆಲ್ಲ ಸೆಗಣಿ ಸಾರಿಸಿ, ಆರೂವರೆಯ ಬಸ್ಸಿಗೆ ಬೀಡಿ ಸೊಸೈಟಿಯ ಕೆಲಸಕ್ಕೆ ಹೋಗಿದ್ದಳು. ಭತ್ತ ಬರುವ ಮುಂಚೆ ಮಾವ ಬಿದ್ದ ಸುದ್ದಿ ಬಂತು. ಅಂಗಳ ಹಾಗೇ ಉಳಿಯಿತು. ಪೊಲೀಸರು ಬೂಟಿಗೆ ಸೆಗಣಿ ಹತ್ತೀತೆಂದು ಪಕ್ಕದ ಕಲ್ಲುಹಾಸಿನ ಮೇಲೇ ಓಡಾಡಿದ್ದರು. ಇಲಾಖೆಯ ಬೂಟಿನ ಮಡಿ ನಮ್ಮನ್ನು ಕಾಪಾಡಿತ್ತು.

ಒಣಗಿ ಗಟ್ಟಿಯಾದ ಸೆಗಣಿಯಲ್ಲಿ ಬರಿಗಾಲಿನ ಗುರುತು. ಹಿಮ್ಮಡಿಗೆ ಬೆರಳು ತಾಗಿಸಿ ಒಂದರ ಹಿಂದೆ ಒಂದು ಇಟ್ಟ ಪಾದಗಳು. ಹಾಗೆ ನಡೆಯುವುದು ನೆರಳು ಅಳೆಯುವವರು ಮಾತ್ರ. ಎಣಿಸಿದರೆ ಹದಿನಾಲ್ಕು.

ಸಾಲು ಮೆಟ್ಟಿಲ ಹತ್ತಿರದಿಂದ ಹೊರಟು ದನದ ಕೊಟ್ಟಿಗೆಯ ಕಡೆಗೆ ಹೋಗಿತ್ತು. ಕೊಟ್ಟಿಗೆ ಇರುವುದು ಪಡುವಣಕ್ಕೆ.

ಪೊದುವಾಳರು ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು ಬಂದರು. ನಲವತ್ತು ವರ್ಷದ ಎದುರಾಳಿಯ ಅಂಗಳ. ಸೂರ್ಯನನ್ನು ನೋಡಿದರು, ಕೊಟ್ಟಿಗೆಯನ್ನು ನೋಡಿದರು, ತಮ್ಮದೇ ನೆರಳು ಅದೇ ಕೊಟ್ಟಿಗೆಯ ಕಡೆಗೆ ಮಲಗಿರುವುದನ್ನು ನೋಡಿದರು.

“ಬೆಳಗಿನ ನೆರಳು,” ಎಂದರು ಮೆಲ್ಲಗೆ. “ಸಂಜೆಯದಾದ್ರೆ ಮೂಡಣಕ್ಕೆ, ಬಾವಿ ಕಡೆ ಬೀಳಬೇಕಿತ್ತು. ಸಂಜೆಗೆ ಈ ಸೆಗಣಿಯೂ ಒಣಗಿರುತ್ತಿತ್ತು.”

ಅಂದರೆ ಪ್ರಶ್ನೆ ಕೇಳಲು ಬಂದವರು ಬಂದದ್ದು ಎಂಟೂಕಾಲಿಗೆ. ಆ ಹೊತ್ತಿಗೆ ಪೊಕ್ಕನ್ ಹದಿನೆಂಟು ಮಂದಿ ನೇಕಾರರ ನಡುವೆ ಮಗ್ಗ ತುಳಿಯುತ್ತಿದ್ದ. ಮಧ್ಯಾಹ್ನ ಮೂರರವರೆಗೂ ಅವನು ಅಲ್ಲಿಂದ ಏಳಲಿಲ್ಲ ಎಂದು ಹಾಜರಿ ಪುಸ್ತಕವೇ ಹೇಳುತ್ತಿತ್ತು. ಮಂಗಳವಾರ ಪ್ರಶ್ನೆಗೆ ಸಾಮಾನ್ಯವಾಗಿ ಯಾರೂ ಬರುವುದಿಲ್ಲವಾದ್ದರಿಂದ ಮುದುಕರು ಬಿದ್ದ ಮೇಲೆ ಎಂಟು ಗಂಟೆ ಕಾಲ ಆ ಜಗಲಿಯನ್ನು ಯಾರೂ ಹತ್ತಿರಲಿಲ್ಲ. ಹತ್ತಿದ ಮೊದಲನೆಯವನು ಪೊಕ್ಕನ್. ಅವನು ಹೋಗಿರದಿದ್ದರೆ ತಂಬಾಯಿ ದೀಪ ಹಚ್ಚಲು ಬರುವ ಹೊತ್ತಿಗೆ ಉಸಿರೂ ಉಳಿಯುತ್ತಿರಲಿಲ್ಲ.

ಪೊದುವಾಳರು ಆಗಲೇ ಕುಕ್ಕರುಗಾಲಲ್ಲಿ ಕೂತು ಒಂದು ಗುರುತಿನ ಮೇಲೆ ಬಾಗಿದ್ದರು.

“ಇದು ಕೇಳುವಿನ ಕಾಲಲ್ಲ, ಕಾರ್ತ್ಯಾಯನಿ. ಸೊಂಟ ಹಿಡಿದ ಮೇಲೆ ಓಣಂನಿಂದ ಅವನು ಮೆಟ್ಟಿಲು ಇಳಿದೇ ಇಲ್ಲ. ಬಂದವರನ್ನೇ ಅಂಗಳಕ್ಕೆ ಕಳಿಸಿ, ನಿಮ್ಮ ನೆರಳು ನೀವೇ ಅಳೆದು ಬನ್ನಿ ಅಂತಾನೆ. ಹೋದ ವಾರ ನನಗೂ ಹೇಳಿದ. ನಾನು ವಾಚು ತೋರಿಸಿದೆ. ಅದು ಜಪಾನಿನವರ ಹೊತ್ತು ಕಣೋ ಅಂದ.”

ಅವರು ನಗಲು ಹೋದರು. ನಗು ಅರ್ಧ ದಾರಿಯಲ್ಲಿ ಬೇರೇನೋ ಆಯಿತು.

ನಾನೂ ಬಾಗಿ ನೋಡಿದೆ. ಅಗಲವಾದ, ದುಡಿದ ಪಾದ. ಬಲಗಾಲಿನ ಏಳು ಗುರುತಿನಲ್ಲೂ ಐದು ಬೆರಳಿದ್ದವು. ಎಡಗಾಲಿನ ಏಳರಲ್ಲೂ ನಾಲ್ಕೇ. ಕಿರುಬೆರಳು ಇರಬೇಕಾದ ಜಾಗ ನುಣ್ಣಗಿತ್ತು.

ಠಾಣೆಯಲ್ಲಿ ನಡೆದದ್ದಕ್ಕೆ ನಾನು ಪೊದುವಾಳರಿಗೆ ಋಣಿ. ಅವರು ಅಲ್ಲಿ ಮಾತನ್ನು ಸುತ್ತಿಬಳಸಬಹುದಿತ್ತು, ಗ್ರಹಗತಿ ಎನ್ನಬಹುದಿತ್ತು. ಆ ವಿದ್ಯೆಯಲ್ಲಿ ಅವರಿಗೆ ಪಳಗಿದ ಕೈ. ಅದೇನೂ ಮಾಡದೆ, ನಾಲ್ಕು ಜನ ಕಾನ್‌ಸ್ಟೇಬಲ್‌ಗಳ ಎದುರಿಗೆ ಎಸ್ಸೈ ಮೇಜಿನ ಮುಂದೆ ನಿಂತು, “ನಾನು ತಪ್ಪು ಓದಿದೆ. ಹುಡುಗನ್ನ ಬಿಡಿ,” ಎಂದರು. ಎಪ್ಪತ್ತರ ವಯಸ್ಸಿನಲ್ಲಿ, ಮನೆತನದ ಹೆಸರಿನಲ್ಲಿ ಪಂಚಾಂಗ ಅಚ್ಚು ಹಾಕಿಸುವ ಮನುಷ್ಯ. ನ್ಯಾಯಾಲಯದಲ್ಲಿ ಮೂವತ್ತೊಂದು ವರ್ಷ ಇದ್ದೂ ಆ ಎರಡು ವಾಕ್ಯವನ್ನು ನಾನು ಒಂದು ಸಲವೂ ಕೇಳಿರಲಿಲ್ಲ.

ಎಸ್ಸೈ ಕುರುಪ್ ಕೆಟ್ಟವನಲ್ಲ, ಅವಸರದವನು. ತಾನೇ ಬಂದು ಅಂಗಳ ನೋಡಿದ, ಒಮ್ಮೆ ಸೂರ್ಯನನ್ನೂ ಅನುಮಾನದಿಂದ ನೋಡಿದ, ಮಗ್ಗದ ಹಾಜರಿ ಪುಸ್ತಕ ತರಿಸಿದ. ಹತ್ತೂ ಮುಕ್ಕಾಲಿಗೆ ಪೊಕ್ಕನ್ ಹೊರಗೆ ಬಂದ. ಅಂಗಿಯ ಮೇಲೆ ಮಂಗಳವಾರದ ರಕ್ತದ ಕಲೆ ಇನ್ನೂ ಇತ್ತು. ಅವನು ಮೊದಲು ಕೇಳಿದ್ದು ಪಣಿಕ್ಕರರು ಕಣ್ಣು ಬಿಟ್ಟರಾ ಎಂದು. ಪೊದುವಾಳರು ಅವನ ಭುಜ ಹಿಡಿದು, ನಿನ್ನ ಜಾತಕ ನಾನು ಇನ್ನೊಮ್ಮೆ ನೋಡುತ್ತೇನೆ, ಚಂದ್ರನಿಂದ ನೋಡುತ್ತೇನೆ ಎಂದರು. ನಲವತ್ತು ವರ್ಷದ ಜಗಳದಲ್ಲಿ ಕೇಳು ಪಣಿಕ್ಕರರು ಒಂದು ಸುತ್ತು ಗೆದ್ದಿದ್ದರು, ಪ್ರಜ್ಞೆ ಇಲ್ಲದೆ ಮಲಗಿದ್ದಾಗ.

ಹುಡುಗನನ್ನು ಬಿಟ್ಟ ಎಸ್ಸೈಗೆ ಈಗ ಬೇರೆ ಆಸಾಮಿ ಬೇಕಿತ್ತು. ಹದಿನಾಲ್ಕು ಗುರುತಿನ ಮೇಲೂ ಬುಟ್ಟಿ ಕವುಚಿಸಿ ಒಬ್ಬ ಕಾನ್‌ಸ್ಟೇಬಲ್‌ನನ್ನು ಕಾವಲಿಗೆ ನಿಲ್ಲಿಸಿದ. ನಾಳೆ ಬೆಳಿಗ್ಗೆ ಊರವರನ್ನೆಲ್ಲ ಕರೆಸಿ ಕಾಲು ನೋಡುತ್ತೇನೆ, ನಾಲ್ಕು ಬೆರಳಿನವನು ಸಿಕ್ಕಿದ ದಿನ ಕೇಸು ಮುಗಿಯಿತು ಎಂದ. “ಏಚಿ, ಇದು ನಿಮ್ಮ ಸಾಕ್ಷಿ. ಕೋರ್ಟಲ್ಲಿ ನೀವೇ ಹೇಳಬೇಕು,” ಎಂದು ನನಗೂ ಕೈ ಮುಗಿದ. ನಾನು ಆಗಲಿ ಎಂದೆ. ಆ ಹೊತ್ತಿಗೆ ನನಗೆ ನನ್ನ ಮೇಲೆ ಅಷ್ಟು ಸಂತೋಷ ಇತ್ತು.

ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದೆ. ಪಣಿಕ್ಕರರನ್ನೇ ನೆನೆಯುತ್ತಿದ್ದೆ. ಹದಿನೆಂಟರ ಹುಡುಗಿಗೆ ಒಂದು ಬಾಗಿಲು ತೆರೆದುಕೊಟ್ಟವರ ಋಣದಲ್ಲಿ ಒಂದು ಕಾಸಿನಷ್ಟಾದರೂ ತೀರಿತು ಎಂದುಕೊಂಡೆ. ಅಷ್ಟರಲ್ಲಿ ಗೇಟು ಸದ್ದಾಯಿತು.

ಉಚ್ಚಿರ ಬಂದಿದ್ದಳು. ಒಗೆದ ಮುಂಡು ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಕಂಕುಳಲ್ಲಿ ಬಾಳೆಲೆಯ ಗಂಟು. ಹೊಸ ಭತ್ತದ ಅವಲಕ್ಕಿ, ಅವಳೇ ಕುಟ್ಟಿದ್ದು, ಇನ್ನೂ ಬೆಚ್ಚಗಿತ್ತು. ಮೂವತ್ತು ವರ್ಷದಿಂದ ಒಂದೇ ಊರಿನಲ್ಲಿದ್ದರೂ ಅವಳು ನನ್ನ ಮನೆಯ ಮೆಟ್ಟಿಲು ಹತ್ತುತ್ತಿರುವುದು ಇದೇ ಮೊದಲು. ಅಂಗಳದಲ್ಲೇ ನಿಂತು ಹೋಗುತ್ತೇನೆ ಎಂದಳು. ನಾನು ಬಿಡಲಿಲ್ಲ. ಮೆಟ್ಟಿಲ ಬಳಿಯ ಗಿಂಡಿಯಿಂದ ನೀರು ಹೊಯ್ದುಕೊಂಡು ಕಾಲು ತೊಳೆದು ಮೇಲೆ ಬಂದಳು.

ಮಗ ಸ್ನಾನ ಮಾಡಿ ಉಂಡನಂತೆ. ಈಗ ಆಸ್ಪತ್ರೆಗೆ ಹೊರಟಿದ್ದಾನಂತೆ, ತಂಬಾಯಿಗೆ ಒಂದು ರಾತ್ರಿ ನಿದ್ದೆಯಾಗಲಿ ಎಂದು. ಪಣಿಕ್ಕರರ ಬಗ್ಗೆ ಅವನಿಗೆ ಸಿಟ್ಟೇ ಇಲ್ಲವಂತೆ. ಇಷ್ಟು ಹೇಳುವುದರೊಳಗೆ ಅವಳು ನಾಲ್ಕು ಸಲ ಕಣ್ಣು ಒರೆಸಿಕೊಂಡಳು. ನಿನ್ನೆ ಠಾಣೆಯಲ್ಲಿ ಬಾರದ ಕಣ್ಣೀರು ಇವತ್ತು ಸಂತೋಷಕ್ಕೆ ಬಂದಿತ್ತು.

“ನಿಮ್ಮ ಋಣ ನಾನು ಹೇಗೆ ತೀರಿಸಲಿ, ಏಚಿ? ಏನು ಕೇಳಿದ್ರೂ ಇಲ್ಲ ಅನ್ನಲ್ಲ.”

ತೀರಿಸುವಂಥದ್ದು ಏನೂ ಇಲ್ಲ, ನನ್ನದೂ ಒಂದು ಹಳೆಯ ಋಣ ಇತ್ತು ಎಂದು ಹೇಳಲು ತಲೆ ಬಗ್ಗಿಸಿ ಗಂಟಿಗೆ ಕೈ ಚಾಚಿದೆ.

ಜಗಲಿಗೆ ಕೆಂಪು ಸಿಮೆಂಟು ಹಾಕಿಸಿದ್ದು ನಮ್ಮವರು. ಒದ್ದೆಯ ಗುರುತು ಅದರ ಮೇಲೆ ಅಚ್ಚೊತ್ತಿದ ಹಾಗೆ ಮೂಡುತ್ತದೆ. ಮೆಟ್ಟಿಲಿಂದ ನನ್ನ ಕುರ್ಚಿಯವರೆಗೆ ಐದು ಹೆಜ್ಜೆ. ಅಗಲವಾದ, ದುಡಿದ ಪಾದ. ಬಲಗಾಲು, ಎಡಗಾಲು, ಬಲಗಾಲು.

ಎಡಗಾಲಿನಲ್ಲಿ ನಾಲ್ಕೇ ಬೆರಳು.

ಅವಲಕ್ಕಿಯ ಗಂಟು ನನ್ನ ಮಡಿಲಲ್ಲಿ ಬೆಚ್ಚಗೆ ಕೂತಿತ್ತು. ಅದನ್ನು ಕೆಳಗಿಡಲೂ ಆಗಲಿಲ್ಲ. ಪೊಕ್ಕನನ್ನು ಉಳಿಸಲು ನಾನು ಸಂಜೆಯನ್ನು ಬೆಳಿಗ್ಗೆಗೆ ಎಳೆದು ತಂದಿದ್ದೆ. ಆ ಬೆಳಿಗ್ಗೆಯೊಳಗೆ ಅವನ ತಾಯಿ ನಿಂತಿದ್ದಳು.

“ಉಚ್ಚಿರಾ,” ಎಂದೆ. ನನ್ನ ದನಿ ನನಗೇ ಕಡತದ ಕೋಣೆಯಿಂದ ಬಂದ ಹಾಗೆ ಕೇಳಿಸಿತು. “ಮಂಗಳವಾರ ನಿನ್ನ ನೆರಳು ಎಷ್ಟು ಪಾದ ಬಂತು?”

ಅವಳು ನನ್ನ ಮುಖ ನೋಡಿದಳು. ನನ್ನ ಕಣ್ಣು ಎಲ್ಲಿದೆ ಎಂದು ನೋಡಿದಳು. ಆಮೇಲೆ ನೆಲ ನೋಡಿದಳು. ಕೈ ತಾನಾಗಿ ಕಿವಿಗೆ ಹೋಗಿ, ಅಲ್ಲಿದ್ದ ಸಣ್ಣ ಚಿನ್ನದ ಓಲೆಯನ್ನು ಮುಚ್ಚಿಕೊಂಡಿತು. ಮಗನ ಮದುವೆ ಕೇಳಲು ಕುಂಭದ ಮನೆಯಲ್ಲಿ ಇಟ್ಟ ಚಿನ್ನ ಅದೇ.

ಗೇಟಿನ ಹೊರಗೆ ಪೊಕ್ಕನ್ ನಿಂತಿದ್ದ, ಹೆಗಲಿಗೆ ಚೀಲ ಹಾಕಿಕೊಂಡು. “ಅಮ್ಮಾ, ಬಸ್ಸು ಬಂತು. ಪಣಿಕ್ಕರ್ ಕಣ್ಣು ಬಿಟ್ರಂತೆ, ಈಗ ತಂಬಾಯೇಚಿ ಹೇಳಿ ಕಳಿಸಿದ್ರು. ನೀನೂ ಬರ್ತೀಯಾ?” ಅವನ ಮುಖದಲ್ಲಿ ಹಬ್ಬದ ಕಳೆ ಇತ್ತು.

ಉಚ್ಚಿರ ಅವನ ಕಡೆ ತಿರುಗಲಿಲ್ಲ. ಮುಂಡಿನ ತುದಿ ಹಿಡಿದು, ನನ್ನ ಎದುರಿಗೇ ಮಂಡಿಯೂರಿ, ಕೆಂಪು ಸಿಮೆಂಟಿನ ಮೇಲಿನ ಎಡಗಾಲಿನ ಗುರುತುಗಳನ್ನು ಒಂದೊಂದಾಗಿ ಒರೆಸಿದಳು.